ರೆಡೋನ್‌ನ ದೇವದೂತ, ಬೀಗದ ಕೈ ಮತ್ತು ಸರಪಣಿ: ಈ ಪ್ರಿಂಟ್ ಕೊಳ್ಳಬಹುದೇ?

ಸಂಜೆಮಲ್ಲಿಗೆ

ಮುದ್ರಣಕಲೆ ಬಲ್ಲವರು ಇಲ್ಲಿದ್ದೀರಿ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ. ಫ್ರಾನ್ಸಿನ ಸಂಕೇತವಾದಿ ಕಲಾವಿದ ಒಡಿಲೋನ್ ರೆಡೋನ್ 1899ರಲ್ಲಿ ಮಾಡಿದ ಲಿಥೋಗ್ರಾಫ್ (ಕಲ್ಲಚ್ಚು) ಒಂದರ ಪ್ರಿಂಟ್ ಆನ್‌ಲೈನ್ ಅಂಗಡಿಯೊಂದರಲ್ಲಿ ಮಾರಾಟಕ್ಕಿದೆ. ಬೈಬಲಿನ ಕೊನೆಯ ಗ್ರಂಥವಾದ ‘ಪ್ರಕಟನೆ’ಯಲ್ಲಿ ಬರುವ ದೇವದೂತ ಅದರಲ್ಲಿದ್ದಾನೆ. ಅಧೋಲೋಕದ ಬೀಗದ ಕೈಯನ್ನೂ ದೊಡ್ಡ ಸರಪಣಿಯನ್ನೂ ಹಿಡಿದು ಆಕಾಶದಿಂದ ಇಳಿಯುತ್ತಿದ್ದಾನೆ. ಬಣ್ಣವೇ ಇಲ್ಲ, ಬರಿಯ ಕಪ್ಪು. ಫೋನಿನಲ್ಲಿ ನೋಡಿದಾಗಿನಿಂದ ಮನಸ್ಸಿನಿಂದ ಹೋಗುತ್ತಿಲ್ಲ.

ಅಂಗಡಿಯವರು ‘ಲಿಥೋಗ್ರಾಫ್ ಆರ್ಟ್ ಪ್ರಿಂಟ್’ ಎಂದು ಬರೆದಿದ್ದಾರೆ. 24x36 ಇಂಚು, 4,200 ರೂಪಾಯಿ, ಚೌಕಟ್ಟು ಬೇರೆ. ಇದು ನಿಜವಾದ ಲಿಥೋಗ್ರಾಫೇ? ಈ ಬೆಲೆ ಸರಿಯೇ? ಇನ್ನೊಂದು ತೊಡಕಿದೆ. ನಡುಮನೆಯಲ್ಲಿ ಹಾಕಬೇಕೆಂದಿದ್ದೇನೆ, ಆದರೆ ನಮ್ಮ ಅತ್ತೆಯವರು ಚಿತ್ರ ನೋಡಿ, ‘ಯಮದೂತನ ಹಾಗಿದ್ದಾನೆ, ಹೋಗುವಾಗ ಬರುವಾಗ ಇವನ ಮುಖ ನೋಡಬೇಕೇ?’ ಎಂದರು.

ಗೋಡೆಗಡಿಯಾರ

ನಾಲ್ಕು ಸಾವಿರಕ್ಕೆ ರೆಡೋನ್‌ನ ಅಸಲು ಹಾಳೆ ಸಿಗುವುದಾದರೆ ನನ್ನ ಹೆಸರಿನಲ್ಲೂ ಎರಡು ತೆಗೆದಿಡಿ.

ಮಸಿಕೈ

ಸಂಜೆಮಲ್ಲಿಗೆ ಅವರೇ, ಮೊದಲ ಪ್ರಶ್ನೆಗೆ ಉತ್ತರ: ಅಲ್ಲ. ಲಿಥೋಗ್ರಾಫನ್ನು ಸ್ಕ್ಯಾನ್ ಮಾಡಿ ಇಂಕ್‌ಜೆಟ್ ಯಂತ್ರದಲ್ಲಿ ತೆಗೆದ ಪ್ರತಿ ಅದು. ಹಾಗೆಂದು ಹೇಳಿಯೇ ಮಾರಿದರೆ ಅದರಲ್ಲಿ ಮೋಸವಿಲ್ಲ. ರೆಡೋನ್ ತೀರಿಕೊಂಡದ್ದು 1916ರಲ್ಲಿ. ಹಕ್ಕುಸ್ವಾಮ್ಯ ಮುಗಿದು ಬಹಳ ಕಾಲವಾಯಿತು, ಯಾರು ಬೇಕಾದರೂ ಅಚ್ಚು ಹಾಕಬಹುದು. ಅನುಮಾನ ಬಂದರೆ ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಮಸೂರದಲ್ಲಿ ನೋಡಿ. ಆಫ್‌ಸೆಟ್ ಅಚ್ಚಿನಲ್ಲಿ ಚುಕ್ಕಿಗಳು ಸಾಲುಗಟ್ಟಿ ಕೂತಿರುತ್ತವೆ. ಇಂಕ್‌ಜೆಟ್‌ನಲ್ಲಿ ಶಾಯಿ ಎರಚಿದ ಹಾಗೆ ಸಣ್ಣ ಹನಿಗಳು ಕಾಣುತ್ತವೆ. ಕಲ್ಲಚ್ಚಿನಲ್ಲಿ ಇವೆರಡೂ ಇಲ್ಲ. ಕಲ್ಲಿನ ಮೈಯ ತರಿಯ ಮೇಲೆ ಸೀಸ (ಜಿಡ್ಡಿನ ಬಳಪದ ಕಡ್ಡಿ) ಓಡಿದಾಗ ಉಬ್ಬಿದಲ್ಲಿ ಹತ್ತಿ ತಗ್ಗಿದಲ್ಲಿ ಬಿಟ್ಟ, ಲೆಕ್ಕಕ್ಕೆ ಸಿಗದ ಗುರುತುಗಳು ಮಾತ್ರ ಇರುತ್ತವೆ.

ಮೂಲದ ವಿಷಯಕ್ಕೆ ಬರುತ್ತೇನೆ. ಈ ದೇವದೂತ ಒಂಟಿ ಚಿತ್ರವಲ್ಲ. ‘ಸಂತ ಯೋಹಾನನ ಪ್ರಕಟನೆ’ ಎಂಬ ಕಟ್ಟಿನಲ್ಲಿ, ಅಂದರೆ ಬಿಡಿ ಹಾಳೆಗಳ ಸಂಪುಟದಲ್ಲಿ, ಹನ್ನೆರಡು ಹಾಳೆಗಳಿವೆ, ಮೇಲೊಂದು ಮುಖಚಿತ್ರ. 1899ರಲ್ಲಿ ಪ್ಯಾರಿಸ್ಸಿನ ಕಲಾ ವ್ಯಾಪಾರಿ ಆಂಬ್ರೋಯಿಸ್ ವೊಲಾರ್ ಹೊರತಂದದ್ದು, ಬ್ಲಾಂಷಾರ್ ಎಂಬ ಮುದ್ರಕ ಅಚ್ಚು ಹಾಕಿದ್ದು, ನೂರು ಪ್ರತಿ. ರೆಡೋನ್‌ನ ಕೊನೆಯ ದೊಡ್ಡ ಲಿಥೋಗ್ರಾಫ್ ಕಟ್ಟು ಇದೇ. ಇದಾದ ಮೇಲೆ ಅವನು ಹೆಚ್ಚುಕಡಿಮೆ ಪೂರ್ತಿಯಾಗಿ ಪ್ಯಾಸ್ಟೆಲ್ ಮತ್ತು ತೈಲವರ್ಣಕ್ಕೆ ಹೊರಳಿದ. ಹೂದಾನಿಗಳ ರೆಡೋನ್ ಎಂದು ಹಲವರು ಬಲ್ಲ ಮನುಷ್ಯ ಅದಕ್ಕೆ ಮುಂಚೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದಿಲು ಮತ್ತು ಕಲ್ಲಚ್ಚಿನ ಕಪ್ಪಿನಲ್ಲೇ ಬದುಕಿದವನು.

ಕಲ್ಲಚ್ಚಿನ ಸೂತ್ರ ಸರಳ: ಜಿಡ್ಡು ನೀರನ್ನು ಸೇರಿಸುವುದಿಲ್ಲ. ಬವೇರಿಯಾದ ಸೋಲ್ನ್‌ಹೋಫನ್ ಗಣಿಯ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಸೀಸದಿಂದ ಬರೆಯುತ್ತಾರೆ. ಗೋಂದು ಮತ್ತು ತೆಳುವಾದ ಆಮ್ಲ ಸವರಿ ಕಲ್ಲನ್ನು ಹದಗೊಳಿಸುತ್ತಾರೆ. ಆಮೇಲೆ ನೀರು ಒರೆಸಿ ಮಸಿಯ ರೋಲರ್ ಓಡಿಸಿದರೆ ಒದ್ದೆ ಜಾಗ ಮಸಿಯನ್ನು ದೂಡುತ್ತದೆ, ಬರೆದ ಜಾಗ ಹಿಡಿಯುತ್ತದೆ. ರೆಡೋನ್ ಅನೇಕ ಸಲ ನೇರವಾಗಿ ಕಲ್ಲಿನ ಮೇಲೆ ಬರೆಯದೆ ವರ್ಗಾವಣೆ ಕಾಗದದ ಮೇಲೆ ಬರೆದು ಅದನ್ನು ಕಲ್ಲಿಗೆ ಇಳಿಸುತ್ತಿದ್ದ. ಇದನ್ನು ಅವನಿಗೆ ಕಲಿಸಿಕೊಟ್ಟದ್ದು ಕಲಾವಿದ ಫಾಂತಾಂ-ಲಾತೂರ್. ಇಳಿಸಿದ ಮೇಲೂ ಕೈ ಬಿಡುತ್ತಿರಲಿಲ್ಲ. ಇನ್ನಷ್ಟು ಸೀಸ ತಿಕ್ಕುತ್ತಿದ್ದ, ಕಪ್ಪು ಮಾಡಿದ್ದನ್ನು ಮೊನೆಯಿಂದ ಕೆರೆದು ಬೆಳಕು ತೆಗೆಯುತ್ತಿದ್ದ.

ನಿಮ್ಮ ಮನಸ್ಸು ಹಿಡಿದಿರುವುದು ಈ ಕೆಲಸವೇ ಎಂದು ನನ್ನ ನಂಬಿಕೆ. ಈ ಚಿತ್ರಗಳಲ್ಲಿ ಬಿಳಿ ಬಣ್ಣ ಎಂಬುದೇ ಇಲ್ಲ. ಬೆಳಕೆಂದರೆ ಮಸಿ ಮುಟ್ಟದ ಕಾಗದ. ಆ ಕಾಗದವೂ ಬಿಳಿಯಲ್ಲ. ಚೀನೀ ಕಾಗದ ಎಂದು ಕರೆಯುವ ತೀರ ತೆಳುವಾದ, ಸ್ವಲ್ಪ ಮಾಸಲು ದಂತದ ಬಣ್ಣದ ಹಾಳೆಯನ್ನು ದಪ್ಪ ಕಾಗದಕ್ಕೆ ಅಂಟಿಸಿ, ಅದರ ಮೇಲೆ ಅಚ್ಚು ಹಾಕಿದ್ದಾರೆ. ಆನ್‌ಲೈನ್ ಅಂಗಡಿಗಳು ಮೊದಲು ಮಾಡುವ ಕೆಲಸ ಈ ಮಾಸಲನ್ನು ‘ತೊಳೆಯುವುದು’. ಕಂಪ್ಯೂಟರಿನಲ್ಲಿ ಹಿನ್ನೆಲೆಯನ್ನು ಅಚ್ಚಬಿಳಿ ಮಾಡುತ್ತಾರೆ, ಕಪ್ಪನ್ನು ಇನ್ನೂ ಗಾಢ ಮಾಡುತ್ತಾರೆ, ನಡುವೆ ಇದ್ದ ಬೂದುಗಳೆಲ್ಲ ಮಾಯ. ದೀಪಾರಾಧನೆಯ ಹೊತ್ತಿಗೆ ಯಾರೋ ಗರ್ಭಗುಡಿಯಲ್ಲಿ ಟ್ಯೂಬ್‌ಲೈಟ್ ಹಾಕಿದಂತಾಗುತ್ತದೆ.

ಅಳತೆಯೂ ಸರಿಯಿಲ್ಲ. ಮೂಲ ಚಿತ್ರ ಸುಮಾರು 30 ಸೆಂಟಿಮೀಟರ್ ಎತ್ತರ. 36 ಇಂಚು ಎಂದರೆ 91 ಸೆಂಟಿಮೀಟರ್, ಮೂರು ಪಟ್ಟು. ಸೀಸದ ತರಿ ಮೂರು ಪಟ್ಟು ಹಿಗ್ಗಿದರೆ ಮಂಜಿನಂತಿದ್ದದ್ದು ಮರಳಾಗಿ ಕಾಣುತ್ತದೆ. ಈ ಚಿತ್ರ ಗೋಡೆಗೆಂದು ಹುಟ್ಟಿದ್ದೂ ಅಲ್ಲ. ಸಂಗ್ರಹಕಾರರು ಕಟ್ಟು ಬಿಚ್ಚಿ ಒಂದೊಂದೇ ಹಾಳೆಯನ್ನು ಮೇಜಿನ ಮೇಲಿಟ್ಟು ನೋಡಲೆಂದು ಮಾಡಿದ್ದು.

ಆದ್ದರಿಂದ ನನ್ನ ಸಲಹೆ: ಇದನ್ನು ಕೊಳ್ಳಬೇಡಿ. ಚಿತ್ರವನ್ನು ಬಿಡಬೇಡಿ.

ನೇರನುಡಿ

ಇಷ್ಟೊಂದು ಶಾಸ್ತ್ರ ಬೇಕೇ? ಅವರಿಗೆ ಇಷ್ಟವಾಗಿದೆ, ದುಡ್ಡು ಅವರದು, ಗೋಡೆ ಅವರದು. ಕಾಗದ ಮಾಸಲೋ ಬಿಳಿಯೋ ಎಂದು ನಡುಮನೆಯಲ್ಲಿ ಕಾಫಿ ಕುಡಿಯುವ ಯಾರು ಕೇಳುತ್ತಾರೆ? ಕಲಾಶಾಲೆಯವರು ಬಾಯಿ ತೆರೆದರೆ ಸಾಕು, ಸಾಮಾನ್ಯ ಜನ ಚಿತ್ರ ಕೊಳ್ಳುವುದನ್ನೇ ಬಿಡುತ್ತಾರೆ.

ಮಸಿಕೈ

ಚಿತ್ರವನ್ನೇ ಕೊಳ್ಳಬಾರದೆಂದು ನಾನು ಹೇಳಿಲ್ಲ ಸರ್, ಕಡಿಮೆ ದುಡ್ಡಿಗೆ ಒಳ್ಳೆಯದನ್ನು ಕೊಳ್ಳಲಿ ಎನ್ನುತ್ತಿದ್ದೇನೆ. ಅವರು ನೋಡಿದ್ದು ಫೋನಿನಲ್ಲಿ. ಪರದೆಗೆ ಹಿಂದಿನಿಂದ ಬೆಳಕಿರುತ್ತದೆ, ಎಂಥ ಕಪ್ಪಿನಲ್ಲೂ ಒಳಗಿನ ವಿವರ ಕಾಣುತ್ತದೆ. ಅದೇ ಕಡತವನ್ನು ಅಗ್ಗದ ಕಾಗದಕ್ಕೆ ಇಳಿಸಿದಾಗ ರೆಕ್ಕೆಯ ನೆರಳು, ಹಿಂದಿನ ಕತ್ತಲೆ ಎಲ್ಲ ಒಂದೇ ಮುದ್ದೆಯಾಗುತ್ತವೆ. ಪೊಟ್ಟಣ ಬಿಚ್ಚಿದ ದಿನ ಪೆಚ್ಚಾಗುವವರು ಅವರೇ, ಕಾಫಿಗೆ ಬಂದ ನೆಂಟರಲ್ಲ.

ಕಡಲತಡಿ

ನಾನು ಮಂಗಳೂರಿನವನು, ಚಿತ್ರಕಲೆ ಗೊತ್ತಿಲ್ಲ, ಆದರೆ ಪ್ರಕಟನೆ ಗ್ರಂಥವನ್ನು ಚಿಕ್ಕಂದಿನಿಂದ ಕೇಳಿದವನು. ಅತ್ತೆಯವರ ಮಾತಿಗೆ ಉತ್ತರ ಗ್ರಂಥದಲ್ಲೇ ಇದೆ. ಇಪ್ಪತ್ತನೆಯ ಅಧ್ಯಾಯದ ಮೊದಲ ವಚನಗಳನ್ನು ನೋಡಿ. ಈ ದೂತ ಇಳಿದು ಬರುವುದು ಘಟಸರ್ಪವನ್ನು, ಅಂದರೆ ಸೈತಾನನನ್ನು ಹಿಡಿದು, ಸಾವಿರ ವರ್ಷ ಬಂಧಿಸಿ, ಅಧೋಲೋಕಕ್ಕೆ ದೊಬ್ಬಿ, ಮೇಲಿನಿಂದ ಮುಚ್ಚಿ ಮುದ್ರೆ ಹಾಕುವುದಕ್ಕೆ. ಇವನು ಮನೆಯವರನ್ನು ಕರೆದೊಯ್ಯಲು ಬಂದವನಲ್ಲ, ಕೇಡಿಗೆ ಬೀಗ ಜಡಿಯಲು ಬಂದವನು ಎಂದು ಹೇಳಿ. ಬಾಗಿಲ ಎದುರಿಗೇ ಹಾಕಿ ಎಂದರೂ ಎನ್ನಬಹುದು.

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ದೇವದೂತರ ಚಿತ್ರ ಎಂದರೆ ಮಕ್ಕಳನ್ನು ಸೇತುವೆ ದಾಟಿಸುವ ಕಾವಲು ದೂತ, ಇಲ್ಲವೇ ಸೈತಾನನನ್ನು ಮೆಟ್ಟಿ ನಿಂತ ಮಿಕಾಯೇಲ. ಕೆನ್ನೆ ಕೆಂಪು, ರೆಕ್ಕೆ ಬಿಳಿ. ರೆಡೋನ್‌ನವನು ಆ ಜಾತಿಗೆ ಸೇರಿದವನಲ್ಲ. ಇದು ಪ್ರಾರ್ಥನೆಯ ಚಿತ್ರವಲ್ಲವೆಂದು ನನಗನ್ನಿಸುತ್ತದೆ. ನಮ್ಮ ಮನೆಯಲ್ಲಾದರೆ ನಾನು ಪೀಠದ ಮೇಲೆ ಇಡುವುದಿಲ್ಲ, ಓದುವ ಕೋಣೆಯಲ್ಲಿ ಹಾಕುತ್ತೇನೆ.

ಮಸಿಕೈ

ಕಡಲತಡಿ ಅವರೇ, ನೀವು ಹೇಳಿದ ಆ ವಚನಗಳನ್ನು ರೆಡೋನ್ ಹೇಗೆ ಹಂಚಿದ್ದಾನೆ ನೋಡಿ, ಅಲ್ಲೇ ಇರುವುದು ಸ್ವಾರಸ್ಯ. ಸಂಜೆಮಲ್ಲಿಗೆಯವರ ಹಾಳೆಯ ಅಡಿಬರಹ ‘ಬೀಗದ ಕೈಯನ್ನೂ ದೊಡ್ಡ ಸರಪಣಿಯನ್ನೂ ಹಿಡಿದ ದೂತನು ಇಳಿಯುವುದನ್ನು ಕಂಡೆನು’ ಎಂಬಲ್ಲಿಗೆ ನಿಲ್ಲುತ್ತದೆ. ‘ಸಾವಿರ ವರ್ಷ ಬಂಧಿಸಿದನು’ ಎಂಬುದು ಮುಂದಿನ ಹಾಳೆ. ಅದರ ಮುಂದಿನದು ಬೆಂಕಿಗಂಧಕಗಳ ಕೆರೆ, ಅದರ ಮುಂದಿನದು ಪವಿತ್ರ ನಗರ. ನಾಲ್ಕು ಹಾಳೆ.

ಇದನ್ನು ಜರ್ಮನಿಯ ಡ್ಯೂರರ್‌ನ ಪಕ್ಕದಲ್ಲಿಡಿ. ಅವನು 1498ರಲ್ಲಿ ಇದೇ ಗ್ರಂಥಕ್ಕೆ ಹದಿನೈದು ಮರದಚ್ಚುಗಳನ್ನು ಮಾಡಿದ. ಅದರಲ್ಲಿ ಬೀಗದ ಕೈಯ ದೂತ ಬರುವ ಹಾಳೆಯಲ್ಲಿ ಎಲ್ಲವೂ ಒಟ್ಟಿಗೇ ನಡೆಯುತ್ತಿದೆ: ದೊಡ್ಡ ಕೀಲಿ, ಗುಂಡಿಗೆ ಇಳಿಯುತ್ತಿರುವ ಘಟಸರ್ಪ, ಹಿಂದೆ ಗುಡ್ಡದ ಮೇಲೆ ನಗರ, ಅದನ್ನು ನೋಡುತ್ತಿರುವ ಯೋಹಾನ. ಒಂದು ರೇಖೆಗೂ ಬಿಡುವಿಲ್ಲ. ಡ್ಯೂರರ್ ಕಥೆ ಹೇಳಿ ಮುಗಿಸುತ್ತಾನೆ. ರೆಡೋನ್ ಕಥೆಯನ್ನು ತಡೆಹಿಡಿಯುತ್ತಾನೆ. ದೂತ ಬರುತ್ತಿದ್ದಾನೆ, ಯಾರಿಗಾಗಿ ಎಂದು ಈ ಹಾಳೆ ಹೇಳುವುದಿಲ್ಲ. ಅತ್ತೆಯವರಿಗೆ ದಿಗಿಲಾಗಿದ್ದರೆ ಅವರು ಚಿತ್ರವನ್ನು ನಮ್ಮೆಲ್ಲರಿಗಿಂತ ಸರಿಯಾಗಿ ನೋಡಿದ್ದಾರೆ.

ಸಂಜೆಮಲ್ಲಿಗೆ

ಈ ಮಾತನ್ನು ಅತ್ತೆಯವರಿಗೆ ಓದಿ ಹೇಳಿದೆ. ‘ನಾನು ಹೇಳಲಿಲ್ಲವೇ’ ಎಂದು ಹಿಗ್ಗಿದರು. ಬಾಗಿಲ ಎದುರಿಗೆ ಮಾತ್ರ ಬೇಡವಂತೆ. ಅದಿರಲಿ, ಸಂಕೇತವಾದಿಗಳು ಎಂದರೆ ಯಾರು? ನನಗೆ ತಿಳಿದದ್ದು ಕಾವ್ಯದಲ್ಲಿ ಮಾತ್ರ.

ಹಳೆಯಚ್ಚು

ಶುರುವಾದದ್ದು ಕಾವ್ಯದಲ್ಲೇ. 1886ರಲ್ಲಿ ಜಾನ್ ಮೊರೇಆಸ್ ಎಂಬ ಕವಿ ಪ್ಯಾರಿಸ್ಸಿನ ‘ಫಿಗರೊ’ ಪತ್ರಿಕೆಯಲ್ಲಿ ಪ್ರಣಾಳಿಕೆ ಪ್ರಕಟಿಸಿದ. ಕಂಡದ್ದನ್ನು ಕಂಡ ಹಾಗೆ ವರ್ಣಿಸುವುದು ಸಾಕು, ಕಾಣದ್ದನ್ನು ಸೂಚಿಸಬೇಕು ಎಂಬುದು ಅವರ ಹಟ. ವಿಚಿತ್ರವೆಂದರೆ ಅದೇ ವರ್ಷ ಇಂಪ್ರೆಷನಿಸ್ಟರ ಎಂಟನೆಯ ಮತ್ತು ಕೊನೆಯ ಪ್ರದರ್ಶನದಲ್ಲಿ ರೆಡೋನ್ ಕೂಡ ಇದ್ದ. ಅವರು ಹೊರಗಿನ ಬಿಸಿಲು ಬರೆಯುತ್ತಿದ್ದರು, ಇವನು ಒಳಗಿನ ಕತ್ತಲೆ. ಅದೇ ವರ್ಷದ ‘ರಾತ್ರಿ’ ಎಂಬ ಕಟ್ಟಿನಲ್ಲೂ ಒಬ್ಬ ದೇವದೂತನಿದ್ದಾನೆ: ದಾರಿ ತಪ್ಪಿದವನು, ಕಪ್ಪು ರೆಕ್ಕೆ ಬಿಚ್ಚುತ್ತಿರುವವನು. ಕವಿ ಮಲ್ಲಾರ್ಮೆ ರೆಡೋನ್‌ಗೆ ಆಪ್ತ ಗೆಳೆಯ. ಕಾಣುವುದರ ತರ್ಕವನ್ನು ಕಾಣದ್ದರ ಸೇವೆಗೆ ಹಚ್ಚುವುದು ತನ್ನ ಕೆಲಸ ಎಂಬರ್ಥದ ಮಾತನ್ನು ರೆಡೋನ್‌ನೇ ಬರೆದಿಟ್ಟಿದ್ದಾನೆ. ಈ ದೂತನ ಕೈಯಲ್ಲಿರುವ ಸರಪಣಿ ಅದಕ್ಕೆ ಸಾಕ್ಷಿ. ಅದು ಯಾವ ಕಮ್ಮಾರನೂ ಒಪ್ಪುವ ಸರಪಣಿ.

ನನ್ನ ಆಸಕ್ತಿ ಬೇರೆ ಕಡೆ ಇದೆ. 1890ರ ದಶಕ ಎಂದರೆ ಮುಂಬಯಿಯಲ್ಲಿ ರವಿವರ್ಮನ ಮುದ್ರಣಾಲಯ ಶುರುವಾದ ಕಾಲ, 1894. ಅದೂ ಕಲ್ಲಚ್ಚೇ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಒಂದರ ಮೇಲೊಂದು ಬಣ್ಣ ಕೂತು ಲಕ್ಷ್ಮಿ ಸರಸ್ವತಿಯರು ಮನೆಮನೆಗೆ ಬಂದರು. ಪ್ಯಾರಿಸ್ಸಿನಲ್ಲೂ ಆಗ ಬಣ್ಣದ ಕಲ್ಲಚ್ಚಿನ ಭಿತ್ತಿಪತ್ರಗಳದ್ದೇ ಭರಾಟೆ. ವೊಲಾರ್ ಕೂಡ ಬಣ್ಣದ ಲಿಥೋಗ್ರಾಫ್‌ಗಳ ಹಿಂದೆ ಬಿದ್ದಿದ್ದ. ಅಂಥ ಹೊತ್ತಿನಲ್ಲಿ ರೆಡೋನ್ ಈ ಕಟ್ಟಿಗೆ ಹಟ ಹಿಡಿದು ಒಂದೇ ಕಲ್ಲು, ಒಂದೇ ಮಸಿ ಎಂದು ಕೂತ. ನಮ್ಮ ಕಡೆಯ ಕಲ್ಲಚ್ಚು ಇನ್ನೂ ಹಳೆಯದು, 1843ರ ‘ಮಂಗಳೂರ ಸಮಾಚಾರ’ ಕಲ್ಲಿನ ಮೇಲೆ ಮೂಡಿದ ಪತ್ರಿಕೆ. ಆದರೆ ಅದು ಅಕ್ಷರದ ಕಥೆ, ಇಲ್ಲಿ ಬೆಳೆಸುವುದಿಲ್ಲ.

ನೇರನುಡಿ

ರವಿವರ್ಮನ ಲಕ್ಷ್ಮಿಯ ಪಕ್ಕದಲ್ಲಿ ಈ ದೂತನನ್ನು ಹಾಕಿದರೆ ಅತ್ತೆಗೂ ಸೊಸೆಗೂ ರಾಜಿಯಾಗಬಹುದು.

ಮಿಶಿಗನ್ ತೀರ

ತಡವಾಗಿ ಬರುತ್ತಿದ್ದೇನೆ. ನಾನಿರುವುದು ಶಿಕಾಗೊದಲ್ಲಿ. ಇಲ್ಲಿನ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ರೆಡೋನ್‌ನ ಅಚ್ಚುಗಳ ಬಹುದೊಡ್ಡ ಸಂಗ್ರಹವಿದೆ. ಹೆಚ್ಚಿನ ಭಾಗ 1920ರಲ್ಲಿ ಅವನ ಹೆಂಡತಿಯಿಂದ ಬಂದದ್ದು. ಕಾಗದದ ಮೇಲಿನ ಕೃತಿಗಳು ಬೆಳಕಿಗೆ ಬಾಡುತ್ತವೆಂದು ಸದಾಕಾಲ ಗೋಡೆಗೆ ಹಾಕುವುದಿಲ್ಲ. ಮುಂಚಿತವಾಗಿ ಬರೆದು ಕೇಳಿದರೆ ಅಧ್ಯಯನ ಕೋಣೆಯಲ್ಲಿ ತೆಗೆದು ತೋರಿಸುತ್ತಾರೆ. ಪ್ರಕಟನೆಯ ಹಾಳೆಗಳನ್ನು ನಾನು ಹಾಗೆ ಕೇಳಿ ನೋಡಿದೆ.

ಮಸಿಕೈ ಅವರು ಹೇಳಿದ್ದಕ್ಕೆ ಒಂದು ವಿವರ ಸೇರಿಸುತ್ತೇನೆ. ಹಾಳೆಯನ್ನು ಬೆಳಕಿಗೆ ಸ್ವಲ್ಪ ಓರೆ ಹಿಡಿದಾಗ ಚೀನೀ ಕಾಗದದ ಅಂಚು ಕಾಣುತ್ತದೆ, ಕೂದಲೆಳೆಯಷ್ಟು ಮೆಟ್ಟಿಲು. ಕಡುಗಪ್ಪು ಇರುವಲ್ಲಿ ಮಸಿ ಕಾಗದದ ಮೇಲೆ ಕೂತ ಹಾಗಿದೆ. ಅದು ಒಂದೇ ಕಪ್ಪಲ್ಲ, ಮಖಮಲ್ಲಿನಂತೆ ಓರೆಗೆ ತಕ್ಕಂತೆ ಬದಲಾಗುತ್ತದೆ. ಕೆರೆದು ತೆಗೆದ ಗೆರೆಗಳು ಚೂಪಾಗಿವೆ, ಸೀಸದ ಮೃದು ಗುರುತಿನ ನಡುವೆ ಥಟ್ಟನೆ ಎದ್ದು ಕಾಣುತ್ತವೆ. ಫೋಟೊದಲ್ಲಿ ಇವೆರಡೂ ಒಂದೇ ಬಿಳಿಯಾಗಿಬಿಡುತ್ತವೆ.

ಪ್ರಯೋಜನಕ್ಕೆ ಬರುವ ಸಂಗತಿ: ಹಕ್ಕುಸ್ವಾಮ್ಯ ಮುಗಿದ ಕೃತಿಗಳ ದೊಡ್ಡ ಚಿತ್ರಗಳನ್ನು ಸಂಗ್ರಹಾಲಯ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಅಚ್ಚು ಹಾಕಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಕಾಗದದ ಮಾಸಲು ಬಣ್ಣವನ್ನು ತೊಳೆದಿಲ್ಲ. ಅಂಗಡಿಯವರ ಕಡತಕ್ಕಿಂತ ಇದು ಸಾವಿರ ಪಾಲು ಮೇಲು.

ಮಸಿಕೈ

ಹಾಗಾದರೆ ದಾರಿ ಸುಲಭವಾಯಿತು. ಆ ಕಡತವನ್ನು ಇಳಿಸಿಕೊಂಡು ನಿಮ್ಮೂರಿನ ಒಳ್ಳೆಯ ಫೋಟೊ ಮುದ್ರಕರ ಬಳಿ ಹೋಗಿ. ಮೂಲದ ಅಳತೆಯಲ್ಲೇ ಮಾಡಿಸಿ, 12 ಇಂಚು ಎತ್ತರ. ಇಂಚಿಗೆ 300 ಬಿಂದು ಎಂದರೆ ಎತ್ತರಕ್ಕೆ 3,600 ಬಿಂದು ಸಾಕು. ಅದನ್ನೇ 36 ಇಂಚಿಗೆ ಕೇಳಿದರೆ 10,800 ಬೇಕು. ಅಷ್ಟಿಲ್ಲದ ಕಡತವನ್ನು ಯಂತ್ರ ಊಹೆ ಮಾಡಿ ತುಂಬುತ್ತದೆ. ‘ಆಟೊ ಕರೆಕ್ಷನ್ ಮಾಡಬೇಡಿ, ಇದ್ದ ಹಾಗೆ ತೆಗೆಯಿರಿ’ ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಅಭ್ಯಾಸಬಲದಿಂದ ಬೆಳ್ಳಗೆ ಮಾಡುತ್ತಾರೆ. ಪಿಗ್ಮೆಂಟ್ ಶಾಯಿ ಇರಬೇಕು, ಡೈ ಶಾಯಿ ಬೇಗ ಬಾಡುತ್ತದೆ. ಕಪ್ಪು ಬಿಳುಪು ಚಿತ್ರವೆಂದು ಗ್ರೇಸ್ಕೇಲ್‌ಗೆ ಬದಲಿಸಲೂ ಬಿಡಬೇಡಿ, ಕಾಗದದ ಬಣ್ಣ ಹೋಗುತ್ತದೆ.

ಕಾಗದದಲ್ಲಿ ಎರಡು ದಾರಿ. ಹತ್ತಿಯ ಮ್ಯಾಟ್ ಕಾಗದ, ಉದಾಹರಣೆಗೆ ಹಾನ್‌ಮ್ಯೂಲೆ ಕಂಪನಿಯ 308 ಗ್ರಾಂ ಫೋಟೊ ರ‍್ಯಾಗ್, ಕೈಗೆ ಕಣ್ಣಿಗೆ ಮೂಲಕ್ಕೆ ಹತ್ತಿರ. ಆದರೆ ಅದರ ಕಪ್ಪು ಸ್ವಲ್ಪ ಬೂದಿಯೆನಿಸುತ್ತದೆ. ಬರೈಟಾ (ಬೇರಿಯಂ ಸಲ್ಫೇಟ್ ಲೇಪವಿರುವ) ಕಾಗದದಲ್ಲಿ ಕಪ್ಪು ಆಳಕ್ಕೆ ಇಳಿಯುತ್ತದೆ, ಆದರೆ ತುಸು ಹೊಳಪಿರುತ್ತದೆ. ನಾನು ಹತ್ತಿಯ ಪರ.

ಮಿಶಿಗನ್ ತೀರ

ನಾನು ಬರೈಟಾ ಪರ. ಹೊಳಪನ್ನು ಸಹಿಸಬಹುದು, ಬೂದಿ ಕಪ್ಪನ್ನು ಅಲ್ಲ. ಈ ಮನುಷ್ಯ ಕಪ್ಪನ್ನು ಗೌರವಿಸಬೇಕು ಎಂದು ಬರೆದವನು.

ಮಸಿಕೈ

ಗೌರವ ಎಂದರೆ ಹೊಳೆಯಿಸುವುದಲ್ಲ. ಜಗಳ ಬೇಡ, ಸಂಜೆಮಲ್ಲಿಗೆಯವರೇ ತೀರ್ಮಾನಿಸಲಿ. ಪೂರ್ತಿ ಚಿತ್ರ ಮಾಡಿಸುವ ಮೊದಲು ಮುಖ ಮತ್ತು ರೆಕ್ಕೆ ಬರುವಂತೆ ಒಂದೊಂದು ಪಟ್ಟಿಯನ್ನು ಎರಡೂ ಕಾಗದದಲ್ಲಿ ತೆಗೆಸಿ. ಚಿತ್ರ ಹಾಕುವ ಗೋಡೆಗೇ ಅಂಟಿಸಿ, ರಾತ್ರಿ ದೀಪದಲ್ಲಿ ನೋಡಿ.

ಚೌಕಟ್ಟು

ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿ ನಡೆಸುವವನು ನಾನು. ಗಿರಾಕಿಗಳಿಗೆ ಹೇಳಿ ಹೇಳಿ ಸುಸ್ತಾದ ಮಾತುಗಳನ್ನು ಇಲ್ಲೂ ಹೇಳುತ್ತೇನೆ. ಗಾಜು ಕಾಗದವನ್ನು ಮುಟ್ಟಬಾರದು. ಮಳೆಗಾಲದಲ್ಲಿ ತೇವ ಹಿಡಿದರೆ ಮಸಿ ಗಾಜಿಗೆ ಅಂಟಿಕೊಳ್ಳುತ್ತದೆ. ಅದಕ್ಕೇ ನಡುವೆ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಬರುವ ರಟ್ಟಿನ ಅಂಚು, ಹಾಕುವುದು. ಆ ಬೋರ್ಡು ಆಮ್ಲರಹಿತವಾಗಿರಲಿ, ಸಾಧಾರಣದ್ದಾದರೆ ಕೆಲವು ವರ್ಷಕ್ಕೆ ಕತ್ತರಿಸಿದ ಅಂಚಿನಿಂದ ಹಳದಿ ಇಳಿಯುತ್ತದೆ. ಚಿತ್ರದ ಹಿಂದೆ ಪೂರ್ತಿ ಗೋಂದು ಬಳಿಯಲು ಬಿಡಬೇಡಿ, ಮೇಲಂಚಿನಲ್ಲಿ ಎರಡು ಕಡೆ ಕಾಗದದ ಪಟ್ಟಿಯಿಂದ ತೂಗುಬಿಡಲು ಹೇಳಿ. ಹಿಂದೆ ಪ್ಲೈವುಡ್ ಬದಲು ಒಳ್ಳೆಯ ರಟ್ಟು ಸಾಕು. ಚೌಕಟ್ಟಿನ ಕೆಳಮೂಲೆಗಳಿಗೆ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಹೊರಗೋಡೆಗೆ, ಮಳೆ ಬಡಿಯುವ ಕಡೆಗೆ ಹಾಕಲೇಬೇಡಿ.

ಕಪ್ಪು ಚಿತ್ರಕ್ಕೆ ಎಲ್ಲರೂ ಕಪ್ಪು ಚೌಕಟ್ಟು ಕೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ತೇಗದ್ದೋ ಹಲಸಿನದ್ದೋ ತೆಳುವಾದ ಪಟ್ಟಿ ಹಾಕಿದರೆ ಚಿತ್ರದ ಕಪ್ಪು ಒಂದೇ ಉಳಿಯುತ್ತದೆ. ಮೌಂಟ್ ಅಚ್ಚಬಿಳಿ ಬೇಡ, ಕಾಗದಕ್ಕಿಂತ ಅರೆಪಾಲು ಗಾಢವಾದ ಕೆನೆಬಣ್ಣ ಇರಲಿ.

ಗೋಡೆಗಡಿಯಾರ

ಸಾಧಾರಣ ಗಾಜು ಹಾಕಿದರೆ ಕಪ್ಪು ಚಿತ್ರ ಕನ್ನಡಿಯಾಗುತ್ತದೆ. ನಮ್ಮ ಮನೆಯಲ್ಲಿ ಹಾಗಾಗಿ ದೇವದೂತನ ಬದಲು ಎದುರಿನ ಕಿಟಕಿಯ ಪರದೆ ನೋಡುವಂತಾಗಿದೆ.

ಚೌಕಟ್ಟು

ಪ್ರತಿಬಿಂಬ ಕಡಿಮೆ ಮಾಡುವ ಮ್ಯೂಸಿಯಂ ಗಾಜು ಎಂದು ಬರುತ್ತದೆ, ದುಬಾರಿ. ಅದಕ್ಕಿಂತ ಕಿಟಕಿಗೆ ಎದುರಾಗದ ಗೋಡೆ ಆರಿಸುವುದು ಅಗ್ಗ. ತರಿಗಾಜು ಮಾತ್ರ ಬೇಡ, ಎಲ್ಲವನ್ನೂ ಮಸುಕು ಮಾಡುತ್ತದೆ.

ಸಂಜೆಮಲ್ಲಿಗೆ

ಎಲ್ಲರಿಗೂ ಋಣಿ. ಆನ್‌ಲೈನ್ ಅಂಗಡಿಯ ಬುಟ್ಟಿಯಿಂದ ತೆಗೆದುಹಾಕಿದೆ. ಸಂಗ್ರಹಾಲಯದ ಕಡತ ಇಳಿಸಿಕೊಂಡು ಎರಡು ಕಾಗದದಲ್ಲೂ ಪಟ್ಟಿ ತೆಗೆಸಿದೆ. ಹಗಲಿನಲ್ಲಿ ಬರೈಟಾ ಗೆದ್ದಿತು, ರಾತ್ರಿ ದೀಪದಲ್ಲಿ ಹತ್ತಿ. ನಾವು ಮನೆಯಲ್ಲಿ ಎಲ್ಲರೂ ಇರುವುದು ರಾತ್ರಿಯೇ, ಹಾಗಾಗಿ ಹತ್ತಿ. ಜಾಗ ನಡುಮನೆಯಲ್ಲ, ಪುಸ್ತಕದ ಕಪಾಟಿನ ಪಕ್ಕದ ಒಳಗೋಡೆ. ಕಾಗದ, ಅಚ್ಚು, ಚೌಕಟ್ಟು ಎಲ್ಲ ಸೇರಿ ಅಂಗಡಿಯವರು ಬರಿಯ ಹಾಳೆಗೆ ಕೇಳಿದ್ದಕ್ಕಿಂತ ಕಡಿಮೆಯಾಗುತ್ತಿದೆ.

ಒಂದು ಪ್ರಶ್ನೆ ಉಳಿದಿದೆ. ‘ಸಾವಿರ ವರ್ಷ ಬಂಧಿಸಿದನು’ ಹಾಳೆಯನ್ನೂ ಜೊತೆಗೆ ಮಾಡಿಸಿ ಒಂದೇ ಚೌಕಟ್ಟಿನಲ್ಲಿ ಕೂಡಿಸಲೇ?

ಮಸಿಕೈ

ಮಾಡಿಸಿ, ಆದರೆ ಒಂದೇ ಚೌಕಟ್ಟು ಬೇಡ. ಒಂದೇ ಚೌಕಟ್ಟಿಗೆ ಎರಡು ಹಾಳೆ ಸೇರಿಸಿದರೆ ರೆಡೋನ್ ಬೇರ್ಪಡಿಸಿದ್ದನ್ನು ನಾವು ಡ್ಯೂರರ್‌ನಂತೆ ಒಟ್ಟುಗೂಡಿಸಿದಂತಾಗುತ್ತದೆ. ಎರಡಕ್ಕೂ ಒಂದೇ ಅಳತೆಯ ಮೌಂಟ್ ಕತ್ತರಿಸಲು ಹೇಳಿ, ಮೊಳೆಗಳ ನಡುವೆ ಅಂತರ ಬಿಡಿ.

ಚೌಕಟ್ಟು

ಮೌಂಟ್ ಮೂರು ಕಡೆ ಎರಡೂವರೆ ಇಂಚು, ಕೆಳಗೆ ಮಾತ್ರ ಮೂರು. ಒಂದೇ ಬೋರ್ಡಿನಿಂದ ಎರಡನ್ನೂ ಕತ್ತರಿಸಿದರೆ ಬಣ್ಣ ವ್ಯತ್ಯಾಸವಾಗುವುದಿಲ್ಲ, ಹಾಗಾಗಿ ಎರಡನೆಯ ಚಿತ್ರ ಆಮೇಲೆ ಮಾಡಿಸುವುದಾದರೂ ಮೌಂಟನ್ನು ಈಗಲೇ ಕತ್ತರಿಸಿಟ್ಟುಕೊಳ್ಳಿ.